ಅರಿಶಿಣ ಹಚ್ಚದ ಗೆಡ್ಡೆ

"ಕೈ ಯಾಕ್ರಿ ಸರ ಹಿಂಗ ನಡಗಾಕತ್ತಾವು? ಬಳ್ಳಾರ್ಯಾಗ ಚಳಿ ಬಿದ್ದೈತೇನು?"

ಪವಮಾನ ಕೂದಲೆಳೆಯಷ್ಟು ಸಣ್ಣ ಗಾಜಿನ ನಳಿಕೆಯನ್ನು ಕಂದು ದ್ರಾವಣಕ್ಕೆ ಅದ್ದಿ, ಬೆರಳುದ್ದದ ಬಿಳಿ ತಟ್ಟೆಯ ಮೇಲೆ ಚುಕ್ಕಿ ಇಡಲು ಹೋದ. ಚುಕ್ಕಿ ಗೆರೆ ತಪ್ಪಿ ಪಕ್ಕಕ್ಕೆ ಹರಿಯಿತು. ಆ ತಟ್ಟೆಯನ್ನು ಬುಟ್ಟಿಗೆ ಎಸೆದು ಇನ್ನೊಂದು ತೆಗೆದುಕೊಂಡ.

ನಿನ್ನೆಯವರೆಗೆ ಇವರನ್ನು ಪವಮಾನರು ಅನ್ನುತ್ತಿದ್ದೆ. ಇವತ್ತು ಬಾಯಿಗೆ ಬರುತ್ತಿಲ್ಲ. ಪಾರ್ವತಿನಗರದ ಆಚಾರವಂತರ ಮನೆಯವನು, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಗೌರಿ ಹೂವಿನ ಬಳ್ಳಿಯ ಗೆಡ್ಡೆಯಿಂದ ಮಂಡಿನೋವಿನ ಔಷಧ ತೆಗೆಯುತ್ತೇನೆಂದು ವರ್ಷಗಟ್ಟಲೆ ಇದೇ ಲ್ಯಾಬಿನಲ್ಲಿ ಕೂತವನು. ಎಲ್ಲ ಸರಿ. ಆದರೆ ಇವನ ಒಂದು ಸಹಿ ನಂಬಿ ನಾನು ಮಾಡಿದ ಕೆಲಸ ನೆನಪಾದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಸಿರಿಗೇರಿಯ ಟೆಂಪೋ ಡ್ರೈವರ್ ದುರುಗಪ್ಪ ಗೌರಿ ಗೆಡ್ಡೆಯ ಪುಡಿ ತಿಂದು ಸತ್ತಿದ್ದ. ಕುರುಗೋಡಿನಲ್ಲಿ ನಾಟಿ ಮದ್ದು ಕೊಡುವ ಪಕ್ಕೀರಮ್ಮ ಅವನಿಗೆ ಒಂದು ಗೆಡ್ಡೆ ಕೊಟ್ಟಿದ್ದು ನಿಜ ಅಂತ ತಾನೇ ಒಪ್ಪಿದ್ದಳು. ಆ ಪುಡಿಯೂ ಅವಳ ಮನೆಯ ಗೆಡ್ಡೆಗಳೂ ಒಂದೇ ಎಂದು ಪವಮಾನ ಬರೆದುಕೊಟ್ಟ. ಸಿರುಗುಪ್ಪ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಹೇಮಾ, ಅಂದರೆ ನಾನೆಂಬ ಈ ಬುದ್ಧಿವಂತೆ, ಮುದುಕಿಯನ್ನು ಜೀಪಿಗೆ ಹತ್ತಿಸಿದಳು. ನಾಳೆ ಅವಳ ಜಾಮೀನು ಅರ್ಜಿ ಕೋರ್ಟಿಗೆ ಬರುತ್ತದೆ.

"ನಾಕು ಚುಕ್ಕಿ ಇಡ್ರಿ" ಅಂದೆ.

"ಮೂರೇ ಅಲ್ರೀ ಮೇಡಂ? ಗೆಡ್ಡಿಯೊಳಗಿನ ವಿಷ, ಶುದ್ಧ ಕಾಲ್ಚಿಸಿನ್ ಒಂದು, ಪಕ್ಕೀರಮ್ಮನ ಗೆಡ್ಡಿ ಒಂದು, ದುರುಗಪ್ಪನ ಮನಿಯೊಳಗ ಸಿಕ್ಕ ಪುಡಿ ಒಂದು."

"ನಾಕನೇದು ನಿಮ್ಮ ಬಾಟ್ಲಿದು." ಕಪಾಟಿನತ್ತ ಬೆರಳು ಮಾಡಿದೆ. "ಆ ಕಂದು ಬಾಟ್ಲಿ. ಗೌರಿ ಗಡ್ಡಿ ಪುಡಿ ಅಂತ ಚೀಟಿ ಹಚ್ಚೈತಲ್ಲ, ಅದು."

ಅವನ ಮುಖದ ಕಳೆ ಇಳಿದುಹೋಯಿತು. ನನ್ನ ಹಿಂದೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಹುಲುಗೇಶ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. ಹುಲುಗೇಶ ತಂಬಾಕು ನಿಲ್ಲಿಸಿದನೆಂದರೆ ಏನೋ ವಾಸನೆ ಹಿಡಿದಿದ್ದಾನೆ ಅಂತಲೇ ಅರ್ಥ.

"ಅದ್ಯಾಕ್ರೀ? ಅದು ನಮ್ಮ ಸಂಶೋಧನಾದ್ದು..."

"ಇಡ್ರಿ ಸರ."

ಇಟ್ಟ. ತಟ್ಟೆಯನ್ನು ಚಿಮಟದಲ್ಲಿ ಹಿಡಿದು, ತಳದಲ್ಲಿ ಒಂದಿಷ್ಟು ದ್ರಾವಕ ಇದ್ದ ಗಾಜಿನ ಭರಣಿಯೊಳಗೆ ನಿಲ್ಲಿಸಿ ಮುಚ್ಚಳ ಮುಚ್ಚಿದ. ದ್ರಾವಕ ತಟ್ಟೆಯ ಮೇಲೆ ನಿಧಾನಕ್ಕೆ ಏರತೊಡಗಿತು, ಒದ್ದೆ ನೆಲದ ಮೇಲೆ ಬಿದ್ದ ಸೀರೆಯ ಅಂಚಿಗೆ ನೀರು ಏರುವ ಹಾಗೆ. ಏರುತ್ತಾ ಏರುತ್ತಾ ಪ್ರತಿ ಚುಕ್ಕಿಯೊಳಗಿನ ವಸ್ತುಗಳನ್ನು ಎಳೆದುಕೊಂಡು ಹೋಗುತ್ತದೆ. ಒಂದೊಂದು ವಸ್ತು ಒಂದೊಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಯಾವುದು ಎಲ್ಲಿ ನಿಂತಿತು ಅನ್ನುವುದರ ಮೇಲೆ ಅದು ಯಾವುದಿರಬಹುದು ಅಂತ ಹೇಳುತ್ತಾರೆ. ಹೋದ ಸಲ ಇದನ್ನೆಲ್ಲ ನನಗೆ ಬಿಡಿಸಿ ಹೇಳಿಕೊಟ್ಟವನು ಇದೇ ಪವಮಾನ.

ಆವತ್ತು ಎಷ್ಟು ಉತ್ಸಾಹ ಇತ್ತು ಇವನಿಗೆ! ಗೆಡ್ಡೆಯನ್ನು ತಿಕ್ಕಿ ತೊಳೆದು, ಸಿಪ್ಪೆ ಹೆರೆದು, ಒಣಗಿಸಿ ಪುಡಿ ಮಾಡುವುದು. ಪುಡಿಯನ್ನು ಆಲ್ಕೋಹಾಲಿನಲ್ಲಿ ನೆನೆಹಾಕಿ ಸತ್ವ ಇಳಿಸುವುದು. ಆ ಸತ್ವವನ್ನು ಉದ್ದನೆ ಗಾಜಿನ ಕೊಳವೆಯ ಮೇಲಿಂದ ಸುರಿದು, ಕೆಳಗೆ ತೊಟ್ಟಿಕ್ಕುವುದನ್ನು ಬೇರೆ ಬೇರೆ ನಳಿಕೆಗಳಲ್ಲಿ ಹಿಡಿಯುವುದು. ಕೊನೆಗೆ ಒಂದು ಪುಟ್ಟ ಸೀಸೆ ತೋರಿಸಿದ್ದ. ತಳದಲ್ಲಿ ಚಿಟಿಕೆಯಷ್ಟು ಹರಳು. "ಇದಕ್ಕಿನ್ನೂ ಹೆಸರಿಲ್ರೀ ಮೇಡಂ" ಅಂದಿದ್ದ, ತೊಟ್ಟಿಲ ಕೂಸಿನ ವಿಷಯ ಹೇಳುವವನ ಹಾಗೆ. "ಕಾಲ್ಚಿಸಿನ್ ಅಲ್ಲ, ಅದರ ಸಂಬಂಧಿ ಇರಬೇಕು. ನೋವು ಕಡಿಮಿ ಮಾಡ್ತದ, ವಿಷ ಇಲ್ಲ ಅಂತ ನನ್ನ ಅಂದಾಜು. ಬೆಂಗಳೂರಿಗೆ ಕಳ್ಸೀನಿ, ಇದರ ರಚನೆ ಗೊತ್ತಾಗಬೇಕು."

ನಾನೂ ತಲೆಯಾಡಿಸಿ ಬಂದಿದ್ದೆ, ಪೆದ್ದಿ.

"ಮೇಡಂ, ಒಂದು ಮಾತು ಕೇಳ್ಲಾ?" ಪವಮಾನನ ಕಣ್ಣು ಭರಣಿಯ ಮೇಲೇ ಇತ್ತು. "ನಾ ವರದಿ ಕೊಟ್ಟೀನಿ. ಸರ್ಕಾರಿ ಪ್ರಯೋಗಾಲಯದವರೂ ದುರುಗಪ್ಪನ ಹೊಟ್ಯಾಗ ಕಾಲ್ಚಿಸಿನ್ ಸಿಕ್ಕದ ಅಂದಾರ. ಈಗ ಮತ್ತ ಯಾಕ ಇದು?"

"ಮುಂಜಾನಿ ಕುರುಗೋಡಿಗೆ ಹೋಗಿದ್ದೆ ಸರ."

ಹೋಗಿದ್ದಕ್ಕೆ ಕಾರಣ ಏನೂ ಇರಲಿಲ್ಲ. ತನಿಖೆ ಅಂತ ಡೈರಿಯಲ್ಲಿ ಬರೆದೆ, ನಿಜ ಹೇಳಬೇಕೆಂದರೆ ಮುದುಕಿಯ ಮುಖ ಕಣ್ಣಿಂದ ಹೋಗುತ್ತಿರಲಿಲ್ಲ. ಹಿಡಿಯಲು ಹೋದ ದಿನ ಅವಳು ಅಂಗಳದಲ್ಲಿ ಕೂತು ಗೆಡ್ಡೆ ಆರಿಸುತ್ತಿದ್ದಳು. "ಕೈ ತೊಳಕೊಂಡು ಬರ್ತೀನವ್ವಾ" ಅಂದಳು. "ಏನ್ ಬ್ಯಾಡ, ಏಳು" ಅಂತ ರಟ್ಟೆ ಹಿಡಿದು ಎಬ್ಬಿಸಿದೆ. ಓಣಿಯ ಜನವೆಲ್ಲ ನೋಡುತ್ತಿದ್ದರು. ನನ್ನ ಖಾಕಿ ಅಂಗಿಯ ತೋಳಿನ ಮೇಲೆ ಅವಳ ಐದು ಬೆರಳು ಹಳದಿಯಾಗಿ ಮೂಡಿದ್ದವು. ಮನೆಗೆ ಹೋಗಿ ಎಷ್ಟು ಉಜ್ಜಿದರೂ ಆ ಕಲೆ ಹೋಗಲಿಲ್ಲ.

ಅದು ಎಂಥ ಕಲೆ ಅಂತ ಒಂದು ಕ್ಷಣ ಯೋಚಿಸಿದ್ದರೆ ಮುದುಕಿ ಜೈಲಿನ ನೆಲದ ಮೇಲೆ ಮಲಗಬೇಕಾಗಿರಲಿಲ್ಲ. ಯೋಚಿಸಲಿಲ್ಲ. ಸಿಟ್ಟು ಇಳಿದ ಮೇಲೆ ಬುದ್ಧಿ ಬರುವ ಜಾತಿ ನನ್ನದು.

ಇವತ್ತು ಆ ಅಂಗಳದಲ್ಲಿ ಅವಳ ಸೊಸೆ ವಿರೂಪಮ್ಮ ಒಬ್ಬಳೇ ಇದ್ದಳು. ನನ್ನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ನೋಡಿದಳು. ನಾನು ಕಟ್ಟೆಯ ಮೇಲೆ ಕೂತೆ, ಏಳಲಿಲ್ಲ. ಕೊನೆಗೆ ಅವಳೇ ಹೊರಗೆ ಬಂದು ಬಾಯಿಗೆ ಬಂದಂತೆ ಬೈದಳು. ಬೈಸಿಕೊಂಡೆ. ಬೈದು ಸಾಕಾದ ಮೇಲೆ ಒಣಹಾಕಿದ್ದ ಗೆಡ್ಡೆಗಳನ್ನು ತೋರಿಸಿ ಕೇಳಿದೆ: "ಇವು ಯಾಕ ಇಷ್ಟು ಹಳದಿ ಅದಾವ?"

"ಅರಿಶಿಣ. ಬಳ್ಳಿ ಮುಂದ ಊದಿನಕಡ್ಡಿ ಹಚ್ಚಿ, ನಿನ್ನ ತಗಂತೀವಿ ತಾಯಿ ಅಂತ ಕೇಳಿ, ಆಮ್ಯಾಲೆ ಅಗೀತಾಳ ನಮ್ಮತ್ತಿ. ಅಗೆದ ಕೂಡ್ಲೇ ಅರಿಶಿಣ ಬಳೀತಾಳ. ಅರಿಶಿಣ ಇಲ್ದ ಗಡ್ಡಿ ಅಂದ್ರ ಮೈಮ್ಯಾಲ ಬಟ್ಟಿ ಇಲ್ದ ಬತ್ಲಿ ಇದ್ದಂಗಂತ. ನಮ್ಮನಿ ಪದ್ಧತಿ ಇದು, ಅಕಿ ಅತ್ತಿ ಕಾಲದಿಂದಾನೂ ಐತಿ."

"ಎಲ್ಲಾ ಗಡ್ಡಿಗೂ?"

"ಹೂಂ, ಎಲ್ಲಾದಕ್ಕೂ. ಹಚ್ಚಾಕ ಕೊಡೋ ಮದ್ದು ಅದು, ತಿನ್ನಾಕ ಕೊಡಂಗಿಲ್ಲ. ಅದನ್ನ ಆವತ್ತೇ ಹೇಳಿದ್ವಿ. ನೀವು ಕೇಳಿದ್ರ್ಯಾ?"

ಕೇಳಿರಲಿಲ್ಲ. ಎದ್ದು ಸೀದಾ ಬಳ್ಳಾರಿಗೆ ಬಂದೆ. ಪುಡಿಯ ಉಳಿದ ಭಾಗವನ್ನು ಮೊಹರಿನ ಸಮೇತ ತರಲು ಹುಲುಗೇಶನಿಗೆ ಫೋನ್ ಮಾಡಿದೆ.

"ಅರಿಶಿಣ" ಅಂತ ಪವಮಾನ ತುಟಿಯೊಳಗೇ ಅಂದ. ನಾನು ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ದ್ರಾವಕ ತಟ್ಟೆಯ ತುದಿ ಮುಟ್ಟಿತ್ತು.

ಅವನು ತಟ್ಟೆ ಹೊರಗೆ ತೆಗೆದು ಆರಿಸಿದ. ಮೊದಲು ನೇರಳೆ ದೀಪದ ಪೆಟ್ಟಿಗೆಯೊಳಗೆ ಇಟ್ಟ. ಹಸಿರು ಹೊಳಪಿನ ನಡುವೆ ನಾಲ್ಕೂ ಸಾಲಿನಲ್ಲಿ ಒಂದೇ ಎತ್ತರಕ್ಕೆ ಒಂದೊಂದು ಕಪ್ಪು ಚುಕ್ಕಿ. ಕಾಲ್ಚಿಸಿನ್. ನಾಲ್ಕರಲ್ಲೂ ವಿಷ ಇತ್ತು.

"ಈಗ ಬೆಳಕಿನ್ಯಾಗ ಹಿಡೀರಿ."

ಕಿಟಕಿಯ ಬಿಸಿಲಿಗೆ ಹಿಡಿದ. ಎರಡನೆಯ ಸಾಲು, ಪಕ್ಕೀರಮ್ಮನ ಗೆಡ್ಡೆ. ಅದರಲ್ಲಿ ಬರಿಗಣ್ಣಿಗೆ ಕಾಣುವಂತೆ ಮೂರು ಹಳದಿ ಚುಕ್ಕಿ, ಒಂದರ ಕೆಳಗೆ ಒಂದು. ಮೂರನೆಯ ಸಾಲು, ದುರುಗಪ್ಪನನ್ನು ಕೊಂದ ಪುಡಿ. ಹಳದಿ ಇಲ್ಲ. ನಾಲ್ಕನೆಯ ಸಾಲು, ಲ್ಯಾಬಿನ ಬಾಟಲಿ. ಅಲ್ಲೂ ಇಲ್ಲ.

ಹಿಂದಕ್ಕೆ ತಿರುಗಿದೆ.

"ಹುಲುಗೇಶ, ನಿನ್ನ ಸುಣ್ಣದ ಡಬ್ಬಿ ಕೊಡು."

"ಮೇಡಂ?"

"ಕೊಡೋ ಮಾರಾಯ!"

ಅವನು ನಾಚುತ್ತಾ ಜೇಬಿನಿಂದ ತಂಬಾಕಿಗೆ ಹಾಕುವ ಸುಣ್ಣದ ಡಬ್ಬಿ ತೆಗೆದ. ಕಿರುಬೆರಳಿನಲ್ಲಿ ಒಂದಿಷ್ಟು ತೆಗೆದು, ನೀರು ಹನಿಸಿ, ಮೂರು ಚುಕ್ಕಿಯ ಮೇಲೆ ಮೆತ್ತಗೆ ಸವರಿದೆ. ಚುಕ್ಕಿಗಳು ಕೆಂಪಾದವು. ಮದುವೆ ಮನೆಯ ಆರತಿ ನೀರಿನದೇ ಕೆಂಪು. ಅರಿಶಿಣಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆ ಅಂತ ತಿಳಿಯಲು ಯಾವ ಕಾಲೇಜಿಗೂ ಹೋಗಬೇಕಾಗಿಲ್ಲ.

"ದುರುಗಪ್ಪ ತಿಂದ ಪುಡಿಯೊಳಗ ಅರಿಶಿಣ ಇಲ್ಲ. ಪಕ್ಕೀರಮ್ಮನ ಗಡ್ಡಿ ಅರಿಶಿಣ ಇಲ್ದ ಇರಂಗಿಲ್ಲ. ತಿಕ್ಕಿ ತೊಳೆದು ಸಿಪ್ಪಿ ತಗದ ಗಡ್ಡಿ ಯಾರ ಕಡೆ ಇರ್ತೈತ್ರಿ ಸರ?"

ಅವನು ಸ್ಟೂಲು ಎಳೆದುಕೊಂಡು ಕೂತ.

"ಈ ಮೂರು ಚುಕ್ಕಿ ಆವತ್ತೂ ಕಂಡಿದ್ವು ನಿಮಗ. ಹೌದೋ ಅಲ್ಲೋ?"

"ಕಂಡಿದ್ವು."

"ಏನಂತ ಬರದ್ರಿ?"

"ಬರೀಲಿಲ್ಲ. ಹೊರಗಿನ ಕಲ್ಮಶ ಅಂತ ಬಿಟ್ಟೆ." ಅವನ ದನಿ ಕೇಳಿಸದಷ್ಟು ಸಣ್ಣದಾಯಿತು. "ಅರಿಶಿಣ ಅಂತ ಅವತ್ತೇ ಗೊತ್ತಾಗಿತ್ರೀ. ಅಕಿ ಗೆಡ್ಡಿ ನಾವೇ ಕೊಂಡ್ಕೋತೀವಿ, ನಾವೇ ತೊಳೀತೀವಿ. ಸಿಂಕ್ ತುಂಬ ಹಳದಿ ನೀರು ಹೋಗ್ತದ. ಗೊತ್ತಿಲ್ದೇ ಹ್ಯಾಂಗಿರ್ತದ?"

ಮೈ ಉರಿದುಹೋಯಿತು. "ಅಲ್ರೀ, ಗೊತ್ತಿದ್ದೂ ಒಬ್ಬ ಮುದುಕೀನ ಜೈಲಿಗೆ ಕಳ್ಸಿ, ಮನಿಗೆ ಹೋಗಿ ಪೂಜಿ ಮಾಡಿ ಊಟ ಮಾಡಿದ್ರ್ಯಾ ನೀವು?"

"ಮಾಡ್ಲಿಲ್ರೀ." ತಲೆ ಎತ್ತಿದ. ಕಣ್ಣು ತುಂಬಿದ್ದವು. "ಅವತ್ತಿಂದ ದೇವರ ಮುಂದ ಕೂತಿಲ್ಲ. ಅಮ್ಮ ಕೇಳ್ತಾರ, ಮೈಯಾಗ ಆರಾಮಿಲ್ಲ ಅಂತೀನಿ."

ಆಮೇಲೆ ಒಂದೊಂದೇ ಹೇಳಿದ. ದುರುಗಪ್ಪ ಈ ಲ್ಯಾಬಿಗೇ ಗೆಡ್ಡೆ ಹಾಕಿಕೊಂಡು ಬರುತ್ತಿದ್ದ ಟೆಂಪೋದ ಡ್ರೈವರ್. ಚೀಲ ಇಳಿಸುವಾಗೆಲ್ಲ ಮಂಡಿ ಹಿಡಿದು ನರಳುತ್ತಿದ್ದ. ಒಂದು ದಿನ ಕೇಳಿದನಂತೆ, ಇದನ್ನೆಲ್ಲ ಯಾಕೆ ತರಿಸುತ್ತೀರಿ ಅಂತ.

"ನಾ ಹೇಳಬಾರದಿತ್ತು. ಯಾರೂ ಕೇಳೋರೇ ಇಲ್ರೀ ನನ್ನ ಕೆಲಸದ ಬಗ್ಗೆ. ಅವಾ ಕೇಳಿದ. ಹುರುಪು ಬಂತು. ಬಾಟ್ಲಿ ಎತ್ತಿ ತೋರ್ಸಿದೆ. ಮಂಡಿನೋವಿನ ಔಷಧ ಇದರೊಳಗೇ ಅಡಗೇದ ದುರುಗಪ್ಪ, ಹೊರಗ ತಗೀಲಿಕ್ಕೆ ಹತ್ತೀನಿ ಅಂದೆ. ವಿಷಾನೂ ಇದರೊಳಗೇ ಅದ ಅಂತ ಹೇಳಿದ್ನೋ ಇಲ್ಲೋ, ನೆನಪಿಲ್ಲ. ದೇವರಾಣಿ ನೆನಪಿಲ್ರೀ."

"ಆಮ್ಯಾಲೆ?"

"ಫೋನ್ ಬಂತು. ಅವನ್ನ ಒಳಗೇ ಬಿಟ್ಟು ಹೊರಗ ಹೋದೆ. ಕಪಾಟಿಗೆ ಬೀಗ ಹಾಕಿರ್ಲಿಲ್ಲ. ಅವಾ ಸತ್ತ ಸುದ್ದಿ ಬಂದ ದಿನ ಬಾಟ್ಲಿ ನೋಡಿದೆ. ಪುಡಿ ಕಡಿಮಿ ಆಗೇದ ಅನ್ನಿಸ್ತು. ಹೌದೋ ಅಲ್ಲೋ ಖಾತ್ರಿ ಇಲ್ಲ. ಆದ್ರ ಅನ್ನಿಸ್ತು." ಅವನು ಮುಖ ಮುಚ್ಚಿಕೊಂಡ. "ಲ್ಯಾಬ್ ಮುಚ್ಚಿಸ್ತಾರ, ಆ ಹರಳಿಗೆ ಹೆಸರು ಸಿಗೋದಿಲ್ಲ ಅಂತ ಅಂಜಿದೆ. ಮುದುಕಿ ಹ್ಯಾಂಗೂ ಗೆಡ್ಡಿ ಕೊಟ್ಟೀನಿ ಅಂತ ಒಪ್ಯಾಳಲ್ಲ, ಅಕಿದೇ ಇದ್ರೂ ಇರಬಹುದು ಅಂತ ನನಗ ನಾನೇ ಹೇಳ್ಕೊಂಡೆ. ನಾನೇ ಕೊಂದೀನಿ ಮೇಡಂ ಅವನ್ನ."

ಹುಲುಗೇಶ ನನ್ನ ಮುಖ ನೋಡಿದ. ಹೊಡೆದುಬಿಡುತ್ತಾಳೆ ಅಂತ ಅಂದುಕೊಂಡಿರಬೇಕು. ಹೊಡೆಯುವಷ್ಟು ಸಿಟ್ಟು ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದ ಕೈ ಇವನದಲ್ಲ, ನನ್ನದು. ಆ ಕೈಯನ್ನೇ ಎತ್ತಿ ಇವನಿಗೆ ಹೊಡೆಯಲು ಮನಸ್ಸಾಗಲಿಲ್ಲ.

"ನಾಳೆ ಕೋರ್ಟಿನ್ಯಾಗ ಇದನ್ನ ಹೇಳ್ತೀರಾ?"

"ಹೇಳ್ತೀನಿ."

"ಪೂರಾ?"

"ಪೂರಾ ಹೇಳ್ತೀನ್ರೀ. ಅಕಿ ಹೊರಗ ಬರ್ಲಿ."

ತಟ್ಟೆಯನ್ನು ಪವಮಾನನ ಎದುರೇ ಲಕೋಟೆಗೆ ಹಾಕಿ ಮೊಹರು ಮಾಡಿದೆ. ಬಾಟಲಿಯನ್ನೂ ವಶಕ್ಕೆ ತೆಗೆದುಕೊಂಡೆ. ಹುಲುಗೇಶನನ್ನು ಅವನ ಜೊತೆ ಬಿಟ್ಟು ಕೆಳಗಿಳಿದೆ. ಮೆಟ್ಟಿಲ ಮೇಲೆ ಒಬ್ಬಳೇ ನಕ್ಕೆ. ಎಷ್ಟೋ ದಿನದ ಮೇಲೆ ಹಸಿವಾಗಿತ್ತು. ಬಸ್ ಸ್ಟ್ಯಾಂಡ್ ಎದುರು ಜೀಪು ನಿಲ್ಲಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದೆ, ಮುದುಕಿಗೂ ಅಂತ ಬಾಳೆಹಣ್ಣು ಕಟ್ಟಿಸಿದೆ. ಅವಳನ್ನು ಮತ್ತೆ ವಿಚಾರಿಸಲೆಂದು ಮೊದಲೇ ಪಡೆದಿದ್ದ ಕೋರ್ಟಿನ ಅನುಮತಿ ಕೈಯಲ್ಲೇ ಇತ್ತು. ನಾಳೆಯವರೆಗೆ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು?

ಜೈಲಿನ ಭೇಟಿ ಕೋಣೆಗೆ ಪಕ್ಕೀರಮ್ಮನನ್ನು ಕರೆತಂದವಳು ಮೌನಿಕಾ ಅನ್ನುವ ವಾರ್ಡರ್, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಮುದುಕಿಯನ್ನು ತೋಳು ಹಿಡಿದು ಕೂರಿಸಿ, ಬಾಗಿಲ ಪಕ್ಕ ನಿಂತಳು. ಪಕ್ಕೀರಮ್ಮ ಸೊರಗಿಹೋಗಿದ್ದಳು. ಕೈ ಬೆಳ್ಳಗೆ ಬಿಳಿಚಿಕೊಂಡಿತ್ತು, ಒಂದು ಚೂರೂ ಹಳದಿ ಇರಲಿಲ್ಲ.

"ಅಮ್ಮಾ, ತಪ್ಪಾತು" ಅಂದೆ. ಖಾಕಿ ಹಾಕಿದ ಮೇಲೆ ಈ ಮಾತು ಆಡಿದ್ದು ಅದೇ ಮೊದಲು. "ಅವತ್ತು ನಿನ್ನ ಮಾತು ಕೇಳಬೇಕಿತ್ತು, ಕೇಳಲಿಲ್ಲ. ನಾಳೆ ನೀ ಮನಿಗೆ ಹೋಗ್ತಿ."

ಅವಳು ನಂಬಲಿಲ್ಲ. ಬಾಳೆಹಣ್ಣನ್ನೂ ಮುಟ್ಟಲಿಲ್ಲ.

"ಖರೇ ಹೇಳಾಕತ್ತೀನಿ. ದುರುಗಪ್ಪನ್ನ ಕೊಂದಿದ್ದು ನಿನ್ನ ಗಡ್ಡಿ ಅಲ್ಲ. ಪರೀಕ್ಷಾ ಮಾಡಿಸೀನಿ. ಅವ ತಿಂದ ಪುಡಿಯಾಗ ಅರಿಶಿಣ ಇಲ್ಲ. ನಿನ್ನ ಗಡ್ಡಿ ಅಂದ್ಮ್ಯಾಲೆ ಅರಿಶಿಣ ಇರಬೇಕಲ್ಲ?"

ಖುಷಿಪಡುತ್ತಾಳೆ, ಅಳುತ್ತಾಳೆ, ಇಲ್ಲವೇ ಸೊಸೆಯ ಹಾಗೆ ಬೈಯುತ್ತಾಳೆ ಅಂದುಕೊಂಡಿದ್ದೆ. ಮೂರೂ ಆಗಲಿಲ್ಲ. ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ ತಲೆಯ ಮೇಲಿನ ಸೆರಗು ಎಳೆದುಕೊಂಡಳು.

"ಇಲ್ಲೇನು? ಅರಿಶಿಣ?"

"ಒಂದು ಚೂರೂ ಇಲ್ಲ."

"ಅಯ್ಯ ನನ ಶಿವನ" ಅಂದಳು. "ಹಂಗಾರ ನಂದೇ ಅದು."

"ಏನ್ ಅಂದಿ?"

"ಕೆಂಚನಗುಡ್ಡದಾಗ ನನ್ನ ತಮ್ಮ ತೀರಿಕೊಂಡಿದ್ದ. ಮಣ್ಣು ಮಾಡಿ ಬಂದಿದ್ದೆ, ಸೂತಕ ಕಳದಿರಲಿಲ್ಲ. ಸೂತಕದಾಗ ನಾವು ಅರಿಶಿಣ ಮುಟ್ಟಂಗಿಲ್ಲ, ಬಳ್ಳಿ ಹತ್ರ ಹೋಗಂಗಿಲ್ಲ. ದುರುಗಪ್ಪ ಅದೇ ವ್ಯಾಳೇಕ್ಕ ಬಂದ. ನಮ್ಮೂರ ಗುಡ್ಡದ ಬುಡಕ ಟೆಂಪೋ ನಿಂದ್ರಿಸಿ, ಯವ್ವಾ ಕಾಲು ಕಡಿದು ಒಗಿಬೇಕು ಅನಸ್ತೈತಿ ಅಂತ ಅತ್ತ. ಗಂಡಸು ಹಂಗ ಅತ್ರ ನೋಡಾಕ ಆಗಂಗಿಲ್ಲವ್ವಾ. ಬಳ್ಳೀನ ಕೇಳಲಾರದ, ಊದಿನಕಡ್ಡಿ ಹಚ್ಚಲಾರದ ಅಗದೆ. ಅಲ್ಲೇ ಹಳ್ಳದಾಗ ಮಣ್ಣು ತೊಳದು ಕೊಟ್ಟೆ. ಬರೀ ಬತ್ಲಿ ಗಡ್ಡಿ. ಸೊಸಿಗೂ ಹೇಳಿಲ್ಲ."

ಲಕೋಟೆಯೊಳಗಿನ ಆ ತಟ್ಟೆ, ಅವಳನ್ನು ಬಿಡಿಸಿ ತರಲು ನಾನು ಮಾಡಿಸಿದ ಆ ಪರೀಕ್ಷೆ, ಈಗ ಸೀದಾ ಅವಳ ಕಡೆಗೇ ತಿರುಗಿತ್ತು. ಪವಮಾನ ನಾನೇ ಕೊಂದೆ ಅನ್ನುತ್ತಿದ್ದಾನೆ. ಇವಳು ನನ್ನದೇ ಅನ್ನುತ್ತಿದ್ದಾಳೆ. ಇಬ್ಬರ ಪುಡಿಯಲ್ಲೂ ಹಳದಿ ಇಲ್ಲ, ಇಬ್ಬರದರಲ್ಲೂ ವಿಷ ಇದೆ. ಸತ್ತವನು ಮಾತ್ರ ಒಬ್ಬನೇ.

"ಅಮ್ಮಾ, ಇದನ್ನ ಯಾರ ಮುಂದೂ ಹೇಳಬ್ಯಾಡ" ಅಂದುಬಿಟ್ಟೆ. ಪೊಲೀಸಿನವಳು ಆಡುವ ಮಾತಲ್ಲ ಅದು, ಗೊತ್ತು. "ಹಚ್ಚಾಕ ಕೊಟ್ಟಿ ನೀನು. ಅವ ತಿಂದ್ರ ನಿನ್ನ ತಪ್ಪೇನೈತಿ?"

"ಹೇಳಬೇಕವ್ವಾ. ನಾಳೆ ಜಡ್ಜ್ ಸಾಹೇಬ್ರ ಮುಂದ ಹೇಳ್ತೀನಿ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಗಡ್ಡಿ ಕೊಡೋವಾಗ ನಮ್ಮದು ಒಂದು ಮಾತು ಐತಿ. ಇದು ಮೈಗೆ, ಬಾಯಿಗಲ್ಲ ಅಂತ ಮೂರು ಸಲ ಹೇಳಿ ಕೈಯಾಗ ಇಡ್ತೀವಿ. ಸೂತಕದಾಗ ಆ ಮಾತು ಆಡಬಾರ್ದು. ನಾ ಬಾಯಿ ಬಿಡದಂಗ ಕೊಟ್ಟೆ. ಅವ ಕಣ್ಣಿಗೆ ಒತ್ತಿಕೊಂಡು ಹೋದ."

ಅವಳು ತನ್ನ ಬಿಳಿಚಿದ ಅಂಗೈ ನೋಡಿಕೊಂಡಳು.

"ತಿನ್ನಬ್ಯಾಡ ಅಂತ ನಾ ಹೇಳಲೇ ಇಲ್ಲವ್ವಾ" ಅಂದಳು ಪಕ್ಕೀರಮ್ಮ.

ನನ್ನ ಕೈಯಲ್ಲಿ ಪೆನ್ನಿತ್ತು, ತೊಡೆಯ ಮೇಲೆ ಖಾಲಿ ಹಾಳೆ ಇತ್ತು. ಬಾಗಿಲ ಪಕ್ಕದಿಂದ ಮೌನಿಕಾ ಒಂದು ಹೆಜ್ಜೆ ಮುಂದೆ ಬಂದಳು.

"ಮೇಡಂ, ಇದನ್ನ ಬರಕೊಳ್ಳಲ್ಲೇನ್ರಿ?"